ಫಿಲ್ಟರ್ ಮರಳಿನ ಅಳತೆ ಕೇಳೋರು ಯಾರು? ಮಳೆಗಾಲದ ಬಗ್ಗಡ ನೀರಿನ ಹಿಂದಿರುವ ಮಿಲಿಮೀಟರ್ ಲೆಕ್ಕ

ಪಾಳ್ಯ (ಆಲೂರು): ಮುಂಗಾರು ಹಿಡಿದ ಮೇಲೆ ಆಲೂರು, ಸಕಲೇಶಪುರ ಭಾಗದ ಹಳ್ಳ, ಹೊಳೆಗಳ ಬಣ್ಣವೇ ಬದಲಾಗುತ್ತೆ. ಕಾಫಿ ತೋಟದ ಮೇಲ್ಮಣ್ಣು, ರಸ್ತೆ ಬದಿಯಲ್ಲಿ ಜರಿದ ಗುಡ್ಡದ ಮಣ್ಣು, ಗದ್ದೆಯ ಕೆಸರು ಎಲ್ಲಾ ಸೇರಿ ಹೇಮಾವತಿ ಕೆಂಪಗೆ ಹರಿಯುತ್ತಾಳೆ. ಹೊಳೆ, ಕೆರೆ ನೀರು ಬರುವ ಊರುಗಳಲ್ಲಿ ರಾತ್ರಿ ಹಿಡಿದಿಟ್ಟ ಬಿಂದಿಗೆಯ ತಳದಲ್ಲಿ ಬೆಳಿಗ್ಗೆ ತೆಳುವಾಗಿ ಕೆಸರು ಕೂತಿದ್ದರೆ ಎಲ್ಲರ ಬಾಯಲ್ಲೂ ಒಂದೇ ಮಾತು: 'ಫಿಲ್ಟರ್ ಇದೆ ಅಂತಾರೆ, ಮತ್ತೆ ನೀರು ಯಾಕೆ ಹೀಗೆ?'

ಸಾಮಾನ್ಯವಾಗಿ ಬೈಗುಳ ಬೀಳೋದು ನೀರುಗಂಟಿಗೆ. ಇಲ್ಲಾಂದ್ರೆ ಆಲಂ ಹಾಕಿಲ್ಲ, ಬ್ಲೀಚಿಂಗ್ ಪೌಡರ್ ಹಾಕಿಲ್ಲ ಅನ್ನೋ ದೂರು. ಅವೂ ಕಾರಣ ಇರಬಹುದು. ಆದರೆ ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ. ಫಿಲ್ಟರ್ ಒಳಗೆ ಹಾಕಿರುವ ಮರಳಿನ ಕಾಳು ಎಷ್ಟು ದಪ್ಪ? ಕಾಳೆಲ್ಲಾ ಒಂದೇ ಸಮ ಇದೆಯಾ? ಅದನ್ನು ಯಾರಾದರೂ ಅಳೆದು ನೋಡಿದ್ದಾರಾ?

ಈ ಪ್ರಶ್ನೆ ಈಗ ಮುಖ್ಯ ಆಗೋದಕ್ಕೆ ಕಾರಣವಿದೆ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್ (ರಾಜ್ಯದಲ್ಲಿ 'ಮನೆ ಮನೆಗೆ ಗಂಗೆ') ಇಷ್ಟು ವರ್ಷ ನಲ್ಲಿ ಎಣಿಸುವ ಕೆಲಸವಾಗಿತ್ತು. ಎಷ್ಟು ಮನೆಗೆ ಸಂಪರ್ಕ ಬಂತು, ತಲೆಗೆ ದಿನಕ್ಕೆ 55 ಲೀಟರ್ ಸಿಗುತ್ತಾ ಅನ್ನೋದೇ ಲೆಕ್ಕ. 2025ರ ಫೆಬ್ರುವರಿ 1ರ ಕೇಂದ್ರ ಬಜೆಟ್‌ನಲ್ಲಿ ಮಿಷನ್ ಅವಧಿಯನ್ನು 2028ರವರೆಗೆ ವಿಸ್ತರಿಸಿ, ಇನ್ನು ಮುಂದೆ ಕಾಮಗಾರಿಯ ಗುಣಮಟ್ಟ ಮತ್ತು ನಿರ್ವಹಣೆಗೆ ಒತ್ತು ಎಂದು ಹೇಳಲಾಯಿತು. ಅಂದರೆ ಪೈಪ್ ಎಳೆಯುವ ಕಾಲ ಮುಗಿಯುತ್ತಾ ಬಂದು, ಹಾಕಿದ್ದನ್ನು ನೋಡಿಕೊಳ್ಳುವ ಕಾಲ ಶುರುವಾಗಿದೆ. ಆ ನೋಡಿಕೊಳ್ಳುವ ಕೆಲಸದಲ್ಲಿ ಫಿಲ್ಟರ್ ಮರಳು ಮೊದಲ ಸಾಲಿನಲ್ಲೇ ಬರುತ್ತೆ.

ಫಿಲ್ಟರ್ ಅಂದ್ರೆ ಜರಡಿ ಅಲ್ಲ

ಮರಳಿನ ಫಿಲ್ಟರ್ ಬಗ್ಗೆ ಎಲ್ಲರಿಗೂ ಇರುವ ಕಲ್ಪನೆ ಹಿಟ್ಟು ಜರಡಿಯದು. ದೊಡ್ಡದು ಮೇಲೆ ಉಳಿಯುತ್ತೆ, ಸಣ್ಣದು ಕೆಳಗೆ ಇಳಿಯುತ್ತೆ. ಹಾಗಾಗಿ ಮರಳು ಸಣ್ಣ ಆದಷ್ಟೂ ನೀರು ಶುದ್ಧ ಅಂತ ಅಂದುಕೊಳ್ಳೋದು ಸಹಜ. ಲೆಕ್ಕ ಹಾಕಿ ನೋಡಿದರೆ ಇದು ನಿಲ್ಲೋದಿಲ್ಲ.

ಅರ್ಧ ಮಿಲಿಮೀಟರ್ ಕಾಳಿನ ಮರಳನ್ನು ಒತ್ತಾಗಿ ತುಂಬಿದರೆ ಕಾಳುಗಳ ನಡುವಿನ ಸಂದಿ ಕಾಳಿನ ಗಾತ್ರದ ಸುಮಾರು ಏಳನೇ ಒಂದು ಪಾಲು, ಅಂದರೆ ಅಂದಾಜು 75 ಮೈಕ್ರಾನ್ ಇರುತ್ತೆ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಭೇದಿ ತರುವ ಇ-ಕೊಲಿ ಥರದ ಬ್ಯಾಕ್ಟೀರಿಯಾದ ಉದ್ದ ಒಂದರಿಂದ ಎರಡು ಮೈಕ್ರಾನ್. ಮಳೆಗಾಲದ ನೀರನ್ನು ಕೆಂಪು ಮಾಡುವ ಜೇಡಿಮಣ್ಣಿನ ಕಣ ಎರಡು ಮೈಕ್ರಾನ್‌ಗಿಂತಲೂ ಸಣ್ಣದು. ಗೇಣಗಲದ ತೂತಿನಲ್ಲಿ ಮೆಣಸಿನ ಕಾಳು ತೂರಿದ ಹಾಗೆ ಇವು ಸಂದಿಯಲ್ಲಿ ಆರಾಮಾಗಿ ನುಸುಳಬಹುದು.

ಹಾಗಿದ್ದೂ ಒಳ್ಳೆಯ ಮರಳಿನ ಫಿಲ್ಟರ್ ಇವನ್ನು ಹಿಡಿಯುತ್ತೆ. ಹೇಗೆ? ನೀರು ಸಾವಿರಾರು ಕಾಳುಗಳ ಮೈ ಸುತ್ತಿ ಬಳಸಿ ಇಳಿಯುವಾಗ ಕೊಳೆ ಕಣಗಳು ಕಾಳಿನ ಮೈಗೆ ತಾಗಿ ಅಂಟಿಕೊಳ್ಳುತ್ತವೆ. ಆದ್ದರಿಂದ ಸಂದಿಯ ಅಗಲಕ್ಕಿಂತ ಅಂಟಿಕೊಳ್ಳೋಕೆ ಸಿಗುವ ಮೈ ಎಷ್ಟು ಅನ್ನೋದು ಮುಖ್ಯ. ಅರ್ಧ ಮಿಲಿಮೀಟರ್ ಮರಳು ಒಂದು ಘನ ಮೀಟರ್ ತುಂಬಿದರೆ ಅದರ ಕಾಳುಗಳ ಒಟ್ಟು ಮೈ ಸುಮಾರು 7,200 ಚದರ ಮೀಟರ್, ಹತ್ತಿರ ಹತ್ತಿರ ಒಂದೂಮುಕ್ಕಾಲು ಎಕರೆ ತೋಟದಷ್ಟು! ಅದೇ ಜಾಗಕ್ಕೆ ಒಂದು ಮಿಲಿಮೀಟರ್ ಕಾಳಿನ ಮರಳು ಹಾಕಿದರೆ ಮೈ ಅರ್ಧಕ್ಕೆ ಇಳಿಯುತ್ತೆ. ಕಾಳಿನ ದಪ್ಪ ಮುಖ್ಯವಾಗೋದು ಇಲ್ಲಿ.

ಅಂಟು ಬರೋದಕ್ಕೆ ಇನ್ನೊಂದು ಷರತ್ತು ಆಲಂ, ಅಂದರೆ ಪಟಿಕ. ಜೇಡಿಮಣ್ಣಿನ ಕಣಗಳು ಒಂದನ್ನೊಂದು ದೂರ ತಳ್ಳುತ್ತಾ ನೀರಲ್ಲಿ ತೇಲುತ್ತಿರುತ್ತವೆ. ಆಲಂ ಹಾಕಿ ಕಲಕಿದಾಗ ಅವು ಒಟ್ಟು ಸೇರಿ ಹತ್ತಿಯ ಎಳೆ ಥರ ಗಂಟಾಗುತ್ತವೆ. ದೊಡ್ಡ ಗಂಟು ತೊಟ್ಟಿಯಲ್ಲೇ ತಳ ಸೇರುತ್ತೆ, ಉಳಿದದ್ದು ಮರಳಿನ ಮೈಗೆ ಅಂಟುತ್ತೆ. ಆಲಂ ಸರಿಯಾಗಿ ಹಾಕದೆ ಎಂಥ ಮರಳು ಹಾಕಿದರೂ ಮಳೆಗಾಲದ ಕೆಂಪು ಹೋಗೋದಿಲ್ಲ. ಹಾಗೇ ಮರಳು ಕೆಟ್ಟಿದ್ದರೆ ಎಷ್ಟು ಆಲಂ ಸುರಿದರೂ ಪೂರ್ತಿ ಪ್ರಯೋಜನ ಸಿಗೋದಿಲ್ಲ.

ತೀರಾ ಸಣ್ಣ ಮರಳು: ನೀರು ಕಟ್ಟುತ್ತೆ, ಖರ್ಚು ಏರುತ್ತೆ

ಮೈ ಹೆಚ್ಚು ಸಿಗಲಿ ಅಂತ ಮರಳನ್ನು ತೀರಾ ಸಣ್ಣ ಮಾಡಿದರೆ ಏನು ತೊಂದರೆ? ನೀರು ಇಳಿಯೋದೇ ಕಷ್ಟ. ಕಾಳಿನ ಗಾತ್ರ ಅರ್ಧ ಆದರೆ ನೀರಿಗೆ ಎದುರಾಗುವ ತಡೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಏರುತ್ತೆ.

ಎರಡಡಿ ಆಳದ, ಈಗಷ್ಟೇ ತೊಳೆದ ಮರಳಿನ ಮೇಲೆ ಗಂಟೆಗೆ ಐದು ಮೀಟರ್ ವೇಗದಲ್ಲಿ ನೀರು ಬಿಟ್ಟರೆ, ಅರ್ಧ ಮಿಲಿಮೀಟರ್ ಕಾಳಿನಲ್ಲಿ ಸುಮಾರು ಒಂದಡಿ ನೀರಿನ ಒತ್ತಡ ಅಲ್ಲೇ ಕರಗುತ್ತೆ. ಕಾಲು ಮಿಲಿಮೀಟರ್ ಕಾಳಾದರೆ ನಾಲ್ಕೂವರೆ ಅಡಿ. ಇಂಥ ಫಿಲ್ಟರ್‌ಗಳನ್ನು ಸಾಮಾನ್ಯವಾಗಿ ಎರಡು ಮೀಟರ್, ಅಂದರೆ ಆರೂವರೆ ಅಡಿ ಒತ್ತಡದ ಮಿತಿಗೆ ಕಟ್ಟಿರುತ್ತಾರೆ. ಅರ್ಧ ಮಿಲಿಮೀಟರ್ ಮರಳಿನಲ್ಲಿ ಕೊಳೆ ತುಂಬೋಕೆ ಐದೂವರೆ ಅಡಿ ಅವಕಾಶ ಉಳಿದರೆ, ಸಣ್ಣ ಮರಳಿನಲ್ಲಿ ಉಳಿಯೋದು ಎರಡೇ ಅಡಿ. ಬೇಗ ಕಟ್ಟಿಕೊಳ್ಳುತ್ತೆ, ಪದೇ ಪದೇ ತೊಳೆಯಬೇಕು.

ತೊಳೆಯೋದು ಪುಕ್ಕಟೆ ಅಲ್ಲ. ಒಂದು ಚದರ ಮೀಟರ್ ಫಿಲ್ಟರ್ ಗಂಟೆಗೆ ಸುಮಾರು 6,000 ಲೀಟರ್ ನೀರು ಕೊಡುತ್ತೆ ಅಂದುಕೊಳ್ಳಿ. ಕೆಳಗಿಂದ ಮೇಲಕ್ಕೆ ನೀರು ಬಿಟ್ಟು ತೊಳೆಯುವ ಬ್ಯಾಕ್‌ವಾಶ್‌ಗೆ ನಿಮಿಷಕ್ಕೆ 600 ಲೀಟರ್‌ನಂತೆ ಹತ್ತು ನಿಮಿಷ ಬೇಕು. ಅಲ್ಲಿಗೆ 6,000 ಲೀಟರ್ ಹೋಯಿತು, ಒಂದು ಗಂಟೆಯ ಉತ್ಪಾದನೆ. ದಿನಕ್ಕೊಮ್ಮೆ ತೊಳೆದರೆ 24ರಲ್ಲಿ ಒಂದು ಪಾಲು ನೀರು ಚರಂಡಿಗೆ. ಆರು ಗಂಟೆಗೊಮ್ಮೆ ತೊಳೆಯುವಂತಾದರೆ ಆರರಲ್ಲಿ ಒಂದು ಪಾಲು ಚರಂಡಿಗೆ! ಅದೂ ಆಲಂ ಹಾಕಿ, ಪಂಪ್ ಮಾಡಿ, ಸೋಸಿ ಆದ ಒಳ್ಳೆ ನೀರು. ಕರೆಂಟ್ ಬಿಲ್ ಕಟ್ಟೋದು ಪಂಚಾಯಿತಿ, ಅಂದರೆ ನೀರಿನ ಕಂದಾಯ ಕಟ್ಟುವ ಮನೆ, ಅಂಗಡಿಗಳೇ.

ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋಗುವ ಮಲೆನಾಡಲ್ಲಿ ಇದರ ಪರಿಣಾಮ ಇನ್ನೂ ಜಾಸ್ತಿ. ಕರೆಂಟ್ ಇಲ್ಲದಾಗ ಬ್ಯಾಕ್‌ವಾಶ್ ಆಗೋದಿಲ್ಲ. ಫಿಲ್ಟರ್ ಕಟ್ಟಿಕೊಂಡಿದೆ, ಜನ ನೀರು ಕೇಳುತ್ತಿದ್ದಾರೆ ಅಂದಾಗ ಉಳಿಯುವ ಸುಲಭದ ದಾರಿ ಬೈಪಾಸ್ ವಾಲ್ವ್ ತಿರುಗಿಸೋದು. ಆಗ ನಲ್ಲಿಗೆ ಬರೋದು ನೇರ ಹೊಳೆ ನೀರು.

ತೀರಾ ದಪ್ಪ ಮರಳು: ನೀರು ಜೋರು, ಕೆಸರೂ ಜೊತೆಗೆ

ಇದರ ಉಲ್ಟಾ ತಪ್ಪು ಇನ್ನೂ ಅಪಾಯದ್ದು, ಯಾಕಂದ್ರೆ ಅದು ಕಣ್ಣಿಗೆ ಬೀಳೋದಿಲ್ಲ. ದಪ್ಪ ಮರಳು ಹಾಕಿದರೆ ಫಿಲ್ಟರ್ ಕಟ್ಟಿಕೊಳ್ಳೋದಿಲ್ಲ, ತೊಳೆಯುವ ಕೆಲಸ ಕಡಿಮೆ, ನೀರು ಸರಾಗವಾಗಿ ಬರುತ್ತೆ. ಎಲ್ಲರಿಗೂ ಖುಷಿ. ಆದರೆ ಅಂಟಿಕೊಳ್ಳುವ ಮೈ ಕಡಿಮೆಯಾಗಿ ಬಗ್ಗಡ ಮರಳಿನ ಆಳಕ್ಕಿಳಿದು ಕೆಳಗಿನಿಂದ ಹೊರಬೀಳುತ್ತೆ. ಜೊತೆಗೆ ದಪ್ಪ ಕಾಳನ್ನು ಎತ್ತಿ ಅಲುಗಾಡಿಸೋಕೆ ಬ್ಯಾಕ್‌ವಾಶ್ ನೀರಿಗೆ ಹೆಚ್ಚು ವೇಗ ಬೇಕು. ಪಂಪ್ ಅಷ್ಟು ಕೊಡದಿದ್ದರೆ ಮರಳು ತೊಳೆದಂತೆ ಕಾಣುತ್ತೆ, ಒಳಗೆ ಕೊಳೆ ಹಾಗೇ ಉಳಿಯುತ್ತೆ. ವರ್ಷ ಕಳೆದರೆ ಆಲಂ, ಕೆಸರು, ಮರಳು ಸೇರಿ ಕೆಸರುಂಡೆಗಳು ಹುಟ್ಟುತ್ತವೆ. ಒಮ್ಮೆ ಉಂಡೆ ಕಟ್ಟಿದರೆ ನೀರು ಅವುಗಳ ಪಕ್ಕದ ಸಂದಿಯಲ್ಲಿ ದಾರಿ ಮಾಡಿಕೊಂಡು ಹೆಚ್ಚೇನೂ ಸೋಸದೆ ಇಳಿದುಹೋಗುತ್ತೆ.

ಕ್ಲೋರಿನ್ ಹಾಕ್ತೀವಲ್ಲ, ಸಾಕಾಗಲ್ವಾ ಅನ್ನೋ ಮಾತೂ ಬರುತ್ತೆ. ಬಗ್ಗಡ ನೀರಲ್ಲಿ ರೋಗಾಣುಗಳು ಮಣ್ಣಿನ ಕಣದ ಮರೆಯಲ್ಲಿ ಅಡಗುತ್ತವೆ, ಮಣ್ಣಿನ ಜೊತೆಗಿನ ಸಾವಯವ ಕಸ ಕ್ಲೋರಿನ್ನನ್ನೇ ತಿಂದು ಹಾಕುತ್ತೆ. ಕೆಲವು ರೋಗಾಣುಗಳಂತೂ ಕ್ಲೋರಿನ್‌ಗೆ ಬಗ್ಗೋದೇ ಇಲ್ಲ. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಕ್ರಿಪ್ಟೊಸ್ಪೊರಿಡಿಯಂ ಅನ್ನೋ, ನಾಲ್ಕರಿಂದ ಆರು ಮೈಕ್ರಾನ್ ಗಾತ್ರದ ಪರೋಪಜೀವಿ ಫಿಲ್ಟರ್ ದಾಟಿ ನಲ್ಲಿ ಸೇರಿ ಸುಮಾರು ನಾಲ್ಕು ಲಕ್ಷ ಜನ ಹೊಟ್ಟೆ ಕೆಟ್ಟು ಮಲಗಿದರು. ಆ ನೀರಿಗೆ ಕ್ಲೋರಿನ್ ಹಾಕಲಾಗಿತ್ತು. ಸೋಸೋದು ಸರಿಯಾಗಿದ್ದರೆ ಮಾತ್ರ ಕ್ಲೋರಿನ್ ಕೆಲಸ ಮಾಡುತ್ತೆ.

ನಿಯಮ ಏನು ಹೇಳುತ್ತೆ?

ಮರಳಿನ ಅಳತೆಗೆ ಭಾಷೆ ಕೊಟ್ಟವರು ಅಮೆರಿಕದ ಇಂಜಿನಿಯರ್ ಅಲೆನ್ ಹೇಜನ್. 1892ರಲ್ಲಿ ಮ್ಯಾಸಚೂಸೆಟ್ಸ್‌ನ ಲಾರೆನ್ಸ್ ಪ್ರಯೋಗ ಕೇಂದ್ರದಲ್ಲಿ ಅವರು ಕಂಡುಕೊಂಡದ್ದು, ಮರಳಿನ ರಾಶಿಯಲ್ಲಿ ನೀರಿನ ವೇಗ ತೀರ್ಮಾನಿಸೋದು ಸರಾಸರಿ ಕಾಳಲ್ಲ, ರಾಶಿಯಲ್ಲಿರುವ ಸಣ್ಣ ಕಾಳುಗಳು ಅನ್ನೋದನ್ನು. ಅದಕ್ಕೇ ಎರಡು ಅಂಕಿ ಕೇಳುತ್ತಾರೆ.

ಮೊದಲನೆಯದು 'ಎಫೆಕ್ಟಿವ್ ಸೈಜ್'. ಒಂದು ಕಿಲೋ ಒಣ ಮರಳನ್ನು ಜರಡಿ ಹಿಡಿದಾಗ ಸರಿಯಾಗಿ 100 ಗ್ರಾಂ ಮಾತ್ರ ಕೆಳಗಿಳಿಯುವ ಜರಡಿ ಕಣ್ಣಿನ ಅಳತೆ ಅದು. ಎರಡನೆಯದು 'ಯೂನಿಫಾರ್ಮಿಟಿ ಕೋಎಫಿಶಿಯೆಂಟ್', ಅಂದರೆ ಕಾಳು ಎಷ್ಟು ಸಮ ಇದೆ ಅನ್ನೋ ಲೆಕ್ಕ. 600 ಗ್ರಾಂ ಇಳಿಯುವ ಜರಡಿಯ ಅಳತೆಯನ್ನು ಮೊದಲ ಅಂಕಿಯಿಂದ ಭಾಗಿಸಬೇಕು. ಉದಾಹರಣೆಗೆ 0.5 ಮಿಲಿಮೀಟರ್ ಜರಡಿಯಲ್ಲಿ 100 ಗ್ರಾಂ, 0.75 ಮಿಲಿಮೀಟರ್ ಜರಡಿಯಲ್ಲಿ 600 ಗ್ರಾಂ ಇಳಿದರೆ ಸಮತೆಯ ಅಂಕಿ 1.5. ಎಲ್ಲಾ ಕಾಳೂ ಒಂದೇ ಅಳತೆ ಇದ್ದರೆ ಅಂಕಿ 1. ಅಂಕಿ ಏರಿದಷ್ಟೂ ಮರಳು ಮಿಶ್ರ.

ಕೇಂದ್ರ ಸರ್ಕಾರದ ಸಿಪಿಎಚ್‌ಇಇಒ ಕೈಪಿಡಿ ಪ್ರಕಾರ ರ‍್ಯಾಪಿಡ್ ಮರಳು ಫಿಲ್ಟರ್‌ಗೆ ಎಫೆಕ್ಟಿವ್ ಸೈಜ್ 0.45ರಿಂದ 0.70 ಮಿಲಿಮೀಟರ್, ಸಮತೆಯ ಅಂಕಿ 1.3ರಿಂದ 1.7, ಮರಳಿನ ಆಳ 60ರಿಂದ 75 ಸೆಂಟಿಮೀಟರ್ ಇರಬೇಕು. ಮರಳಿನ ಗುಣಕ್ಕೆ ಐಎಸ್ 8419 ಅನ್ನೋ ಪ್ರತ್ಯೇಕ ಮಾನದಂಡವೇ ಇದೆ. ಗಟ್ಟಿಯಾದ ಸಿಲಿಕಾ ಮರಳಾಗಿರಬೇಕು, ಆಸಿಡ್‌ನಲ್ಲಿ ಕರಗುವ ಸುಣ್ಣದಂಥ ಪಾಲು 100ಕ್ಕೆ 5ನ್ನು ಮೀರಬಾರದು. ಸೋಸಿ ಬಂದ ಕುಡಿಯುವ ನೀರಿಗೆ ಐಎಸ್ 10500 ಇದೆ. ಬಗ್ಗಡ 1 ಎನ್‌ಟಿಯು ಒಳಗಿರಬೇಕು, ಬೇರೆ ಮೂಲವೇ ಇಲ್ಲದಾಗ 5ರವರೆಗೆ ಒಪ್ಪಬಹುದು. 100 ಮಿಲಿಲೀಟರ್ ನೀರಲ್ಲಿ ಒಂದೂ ಇ-ಕೊಲಿ ಕಾಣಬಾರದು.

ಸಮತೆ ಯಾಕೆ ಅಷ್ಟು ಮುಖ್ಯ? ಬ್ಯಾಕ್‌ವಾಶ್ ಮಾಡಿದಾಗ ಮರಳು ನೀರಲ್ಲಿ ಎದ್ದು ಮತ್ತೆ ಕೂರುತ್ತೆ. ಭತ್ತ ಕೇರುವಾಗ ಹಗುರದ್ದು ಒಂದು ಕಡೆ, ತೂಕದ್ದು ಒಂದು ಕಡೆ ಆಗುತ್ತಲ್ಲ, ಹಾಗೇ ದಪ್ಪ ಕಾಳು ಮೊದಲು ತಳ ಸೇರುತ್ತೆ, ಸಣ್ಣದು ಕೊನೆಗೆ ಮೇಲೆ ಕೂರುತ್ತೆ. ಮಿಶ್ರ ಮರಳಾದರೆ ನುಣುಪು ಕಾಳೆಲ್ಲಾ ಮೇಲೆ ಸೇರಿ ಹೆಪ್ಪು ಕಟ್ಟಿದಂತಾಗುತ್ತೆ. ಮೇಲಿನ ಎರಡಿಂಚು ಕಟ್ಟಿಕೊಂಡರೆ ಕೆಳಗಿನ ಎರಡಡಿ ಮರಳು ಕೆಲಸವಿಲ್ಲದೆ ಕೂತಂತೆ. ಅದಕ್ಕೇ ಸಣ್ಣ ಕಾಳು, ದಪ್ಪ ಕಾಳು ಬೆರೆಸಿ ಸರಾಸರಿ ಸರಿಮಾಡುವ ಉಪಾಯ ಫಿಲ್ಟರ್‌ನಲ್ಲಿ ನಡೆಯೋದಿಲ್ಲ.

ಕಟ್ಟಡದ ಮರಳು ಫಿಲ್ಟರ್‌ಗೆ ಯಾಕಾಗಲ್ಲ?

ಹೊಳೆ ಮರಳು ಸಿಗೋದು ಕಷ್ಟವಾದ ಮೇಲೆ ಕಟ್ಟಡದ ಕೆಲಸಕ್ಕೆಲ್ಲಾ ಎಂ-ಸ್ಯಾಂಡ್ ಬಂದಿದೆ. ಲೋಡ್ ಹೇಗೂ ಬಂದಿದೆ, ಅದರಲ್ಲೇ ನಾಲ್ಕು ಬಾಣಲಿ ಫಿಲ್ಟರ್‌ಗೂ ಹಾಕೋಣ ಅನ್ನೋ ಆಸೆ ಸಹಜ. ಆದರೆ ಕಾಂಕ್ರೀಟ್‌ಗೆ ಬೇಕಾದದ್ದು ಫಿಲ್ಟರ್‌ಗೆ ಬೇಕಾದದ್ದಕ್ಕೆ ಪೂರ್ತಿ ಉಲ್ಟಾ. ಕಾಂಕ್ರೀಟಿನಲ್ಲಿ ಸಂದಿ ಉಳಿಯಬಾರದು. ಹಾಗಾಗಿ ದಪ್ಪ, ಮಧ್ಯಮ, ಸಣ್ಣ, ಪುಡಿ ಎಲ್ಲಾ ಬೆರೆತಿರಬೇಕು. ಫಿಲ್ಟರ್‌ನಲ್ಲಿ ಸಂದಿ ಉಳಿಯಲೇಬೇಕು.

ಕಟ್ಟಡದ ಮರಳಿನ ಮಾನದಂಡವಾದ ಐಎಸ್ 383 ನೋಡಿದರೆ ಇದು ಸ್ಪಷ್ಟ. ಅದರ ಎರಡನೇ ವಲಯದ (ಜೋನ್ 2) ಮರಳಲ್ಲಿ 600 ಮೈಕ್ರಾನ್ ಜರಡಿಯಿಂದ 100ಕ್ಕೆ 35ರಿಂದ 59 ಪಾಲು ಇಳಿಯಬಹುದು, ಕಾಳು 4.75 ಮಿಲಿಮೀಟರ್‌ವರೆಗೂ ಇರಬಹುದು. ಕಲ್ಲು ಪುಡಿ ಮಾಡಿದ ಮರಳಾದರೆ 150 ಮೈಕ್ರಾನ್‌ಗಿಂತ ಸಣ್ಣ ಪುಡಿ 100ಕ್ಕೆ 20 ಪಾಲಿನವರೆಗೂ ನಡೆಯುತ್ತೆ. ಗೋಡೆಗೆ ಇದು ಒಳ್ಳೆ ಮರಳೇ. ಫಿಲ್ಟರ್‌ಗೆ ಹಾಕಿದರೆ ಮೊದಲ ಬ್ಯಾಕ್‌ವಾಶ್‌ಗೇ ಪುಡಿಯೆಲ್ಲಾ ಮೇಲೆ ಬಂದು ಒಂದಷ್ಟು ಚರಂಡಿ ಸೇರುತ್ತೆ, ಉಳಿದದ್ದು ಮೇಲೆ ಹೆಪ್ಪುಗಟ್ಟುತ್ತೆ. ಗಾಣದೆಣ್ಣೆ ಬೇಕಾದ ಕಡೆ ಗ್ರೀಸ್ ಹಾಕಿದ ಹಾಗೆ. ವಸ್ತು ಒಳ್ಳೆಯದೇ, ಜಾಗ ತಪ್ಪು.

ಪಂಚಾಯಿತಿ ಎಸ್ಟಿಮೇಟಿನಲ್ಲಿ 'ಮರಳು ಇಷ್ಟು ಘನ ಮೀಟರ್' ಅಂತ ಮಾತ್ರ ಇದ್ದರೆ ಗುತ್ತಿಗೆದಾರರು ಯಾವ ಮರಳು ತಂದರೂ ಕಾಗದದ ಪ್ರಕಾರ ಸರಿಯೇ. ಕಾಳಿನ ಅಳತೆಯನ್ನು ಎಸ್ಟಿಮೇಟಿನಲ್ಲೇ ಬರೆದಾಗ ಮಾತ್ರ ಕೇಳುವ ಹಕ್ಕು ಬರುತ್ತೆ.

ಅಬ್ಬಿ ನೀರಿಗೆ ಬೇರೆ ಲೆಕ್ಕ

ಹೆತ್ತೂರು, ಯಸಳೂರು, ಹಾನುಬಾಳು ಕಡೆಯ ಗುಡ್ಡದ ಒಂಟಿ ಮನೆ, ತೋಟದ ಲೈನ್, ಹೋಂಸ್ಟೇಗಳಿಗೆ ಮೇಲಿನ ಹಳ್ಳದಿಂದ ಪೈಪ್‌ನಲ್ಲಿ ತಾನಾಗಿ ಇಳಿಯುವ ನೀರು ಹೊಸದಲ್ಲ. ಹಳಬರು ಅಡಿಕೆ ದೋಣಿಯಲ್ಲಿ ತಂದ ಅಬ್ಬಿ ನೀರು ಈಗ ಕಪ್ಪು ಪೈಪ್‌ನಲ್ಲಿ ಬರುತ್ತೆ, ಅಷ್ಟೇ. ಕಣ್ಣಿಗೆ ಕನ್ನಡಿಯಂತೆ ಕಂಡರೂ ಮೇಲೆ ದನ, ಕಾಡುಪ್ರಾಣಿ ಓಡಾಡುತ್ತವೆ.

ಇಂಥ ಕಡೆ ಆಲಂ, ಪಂಪ್ ಇಲ್ಲದೆ ನಡೆಯುವ ನಿಧಾನ ಮರಳು ಫಿಲ್ಟರ್ ಒಗ್ಗುತ್ತೆ. ಇದರ ಮರಳು ಸಣ್ಣದೇ ಇರಬೇಕು, ಎಫೆಕ್ಟಿವ್ ಸೈಜ್ 0.2ರಿಂದ 0.3 ಮಿಲಿಮೀಟರ್. ನೀರು ಗಂಟೆಗೆ 10ರಿಂದ 20 ಸೆಂಟಿಮೀಟರ್ ಮಾತ್ರ ಇಳಿಯುತ್ತೆ. ಅಷ್ಟು ನಿಧಾನವಾದ್ದರಿಂದ ಮರಳಿನ ಮೇಲೆ ಒಂದು ಜೀವಂತ ಪದರ ಬೆಳೆಯುತ್ತೆ, ರೋಗಾಣುಗಳನ್ನು ಹಿಡಿದು ಮುಗಿಸೋದು ಅದೇ. ಬ್ಯಾಕ್‌ವಾಶ್ ಇಲ್ಲ. ಕಟ್ಟಿಕೊಂಡಾಗ ಮೇಲಿನ ಒಂದೆರಡು ಸೆಂಟಿಮೀಟರ್ ಕೆರೆದು ತೆಗೆದರೆ ಸಾಕು, ಪದರ ಮತ್ತೆ ಬೆಳೆಯೋಕೆ ಕೆಲವು ದಿನ ಕೊಡಬೇಕು.

ಇದೇ ಸಣ್ಣ ಮರಳನ್ನು ವೇಗದ ಫಿಲ್ಟರ್‌ಗೆ ಹಾಕಿದರೆ ಕಟ್ಟುತ್ತೆ. ವೇಗದ ಫಿಲ್ಟರ್‌ನ ಮರಳನ್ನು ಇದಕ್ಕೆ ಹಾಕಿದರೆ ರೋಗಾಣು ಒಳಕ್ಕಿಳಿಯುತ್ತೆ. ಹಾಗಾಗಿ 'ಒಳ್ಳೆ ಫಿಲ್ಟರ್ ಮರಳು' ಅನ್ನೋದು ಒಂದೇ ಇಲ್ಲ, ಫಿಲ್ಟರ್‌ಗೆ ತಕ್ಕ ಮರಳು ಇದೆ. ಒಂದು ಎಚ್ಚರ: ಮಳೆಗಾಲದ ಕೆಸರು ನೀರನ್ನು ನೇರ ನಿಧಾನ ಫಿಲ್ಟರ್‌ಗೆ ಬಿಟ್ಟರೆ ಅದು ದಿನದೊಳಗೇ ಕಟ್ಟಬಹುದು. ಮೊದಲು ತೊಟ್ಟಿಯಲ್ಲಿ ನಿಲ್ಲಿಸಿ, ಜಲ್ಲಿ ಹಾಸಿನ ಮೂಲಕ ಹಾಯಿಸಿ ಬಿಡಬೇಕು.

ಆರ್‌ಒ ಘಟಕ, ಹೋಟೆಲ್, ಬೇಕರಿಗಳಿಗೂ ಇದೇ ಪಾಠ

ಕಾಯಿನ್ ಹಾಕಿ ಕ್ಯಾನ್ ತುಂಬಿಸುವ ಶುದ್ಧ ಕುಡಿಯುವ ನೀರಿನ ಘಟಕದಲ್ಲೂ ಮೊದಲ ಸಿಲಿಂಡರ್ ಮರಳಿನದ್ದೇ. ಎರಡನೆಯದು ಕಾರ್ಬನ್, ಆಮೇಲೆ ಮೈಕ್ರಾನ್ ಕಾರ್ಟ್ರಿಜ್, ಕೊನೆಗೆ ಮೆಂಬ್ರೇನ್. ಮೊದಲ ಮರಳು ಕೆಲಸ ಮಾಡದಿದ್ದರೆ ಕಾರ್ಟ್ರಿಜ್ ಬೇಗ ಕಪ್ಪಾಗುತ್ತೆ, ಅದನ್ನೂ ಬದಲಿಸದಿದ್ದರೆ ಮೆಂಬ್ರೇನ್ ಕಟ್ಟುತ್ತೆ. ದುಬಾರಿ ಭಾಗ ಮೆಂಬ್ರೇನ್. ಅಗ್ಗದ ಮರಳನ್ನು ನಿರ್ಲಕ್ಷಿಸಿದ್ದಕ್ಕೆ ದಂಡ ಕಟ್ಟೋದು ಅಲ್ಲಿ. 'ಘಟಕ ಕೆಟ್ಟಿದೆ' ಅನ್ನೋ ಬೋರ್ಡ್ ಹಿಂದೆ ಬಹಳ ಸಲ ಇದೇ ಕಥೆ ಇರಬಹುದು.

ಹೆದ್ದಾರಿ ಬದಿಯ ಹೋಟೆಲ್, ಬೇಕರಿ, ಲಾಡ್ಜ್‌ಗಳಿಗೆ ಇದು ಬರೀ ಖರ್ಚಿನ ಮಾತಲ್ಲ. ಆಹಾರ ಸುರಕ್ಷತಾ ಪರವಾನಗಿ ನಿಯಮದ ಪ್ರಕಾರ ಅಡುಗೆಗೆ, ಪಾತ್ರೆಗೆ, ಐಸ್‌ಗೆ ಕುಡಿಯಲು ಯೋಗ್ಯವಾದ ನೀರನ್ನೇ ಬಳಸಬೇಕು. ಗ್ರಾಹಕರಿಗೆ ಹೊಟ್ಟೆ ಕೆಟ್ಟರೆ ಪಂಚಾಯಿತಿ ನೀರು ಸರಿ ಇರಲಿಲ್ಲ ಅನ್ನೋ ಸಬೂಬು ನಿಲ್ಲೋದು ಕಷ್ಟ.

ಸ್ವಂತ ಸ್ಯಾಂಡ್ ಫಿಲ್ಟರ್ ಇಟ್ಟುಕೊಂಡವರು ಚೀಲದ ಮೇಲಿನ ಮೆಶ್ ನಂಬರ್ ಓದೋದು ಕಲಿಯಬೇಕು. ನಂಬರ್ ದೊಡ್ಡದಾದಷ್ಟೂ ಕಾಳು ಸಣ್ಣದು. '16/30 ಮೆಶ್' ಅಂದರೆ ಸುಮಾರು 1.18ರಿಂದ 0.6 ಮಿಲಿಮೀಟರ್ ನಡುವಿನ ಕಾಳು, '30/60' ಅಂದರೆ 0.6ರಿಂದ 0.25 ನಡುವಿನದು. ಸಿಲಿಂಡರ್ ಕೊಟ್ಟ ಕಂಪನಿ ಯಾವ ಅಳತೆ ಹೇಳಿದೆಯೋ ಅದನ್ನೇ ಹಾಕಬೇಕು, ತಳದ ಜಲ್ಲಿ ಪದರಗಳ ಕ್ರಮವನ್ನೂ ತಪ್ಪಿಸಬಾರದು. ಹಾರ್ಡ್‌ವೇರ್ ಅಂಗಡಿಯವರು ಪ್ಲಾಸ್ಟರಿಂಗ್ ಮರಳನ್ನೂ ಫಿಲ್ಟರ್ ಮರಳನ್ನೂ ಬೇರೆ ಬೇರೆ ಇಟ್ಟು, ಅಳತೆ ಹೇಳಿ ಮಾರಿದರೆ ಗಿರಾಕಿ ಮತ್ತೆ ಬರುತ್ತಾರೆ.

ಮರಳಿನ ಕೈಲಿ ಆಗದ್ದು

ಮರಳಿನ ಮೇಲೆ ಇಲ್ಲದ ಭಾರ ಹೊರಿಸೋದೂ ತಪ್ಪು. ನೀರಲ್ಲಿ ಕರಗಿದ್ದನ್ನು ಮರಳು ಹಿಡಿಯೋದಿಲ್ಲ. ಬೋರ್‌ವೆಲ್‌ನಿಂದ ಬಂದಾಗ ತಿಳಿಯಾಗಿದ್ದು, ಬಕೆಟ್‌ನಲ್ಲಿಟ್ಟ ಮೇಲೆ ಕೆಂಪಾಗುವ ನೀರಲ್ಲಿ ಕರಗಿದ ಕಬ್ಬಿಣ ಇರುತ್ತೆ. ಅದಕ್ಕೆ ಮೊದಲು ಗಾಳಿ ಆಡಿಸಿ ಕಬ್ಬಿಣವನ್ನು ತುಕ್ಕಾಗಿ ಮಾಡಬೇಕು, ಆಮೇಲೆ ಮರಳು ಹಿಡಿಯುತ್ತೆ. ಫ್ಲೋರೈಡ್, ನೈಟ್ರೇಟ್, ತೋಟಕ್ಕೆ ಹೊಡೆದ ಔಷಧಿಯ ಅಂಶಕ್ಕೆ ಮರಳು ಎಷ್ಟು ಸಣ್ಣದಾದರೂ ಉಪಯೋಗವಿಲ್ಲ. ಕಾಫಿ ಪಲ್ಪಿಂಗ್ ಸಮಯದಲ್ಲಿ ಹಳ್ಳಕ್ಕೆ ಬಿಟ್ಟ ನೀರಿನ ಬಣ್ಣ, ವಾಸನೆಯೂ ಹಾಗೇ. ಅದನ್ನು ಹಳ್ಳಕ್ಕೆ ಬಿಡದಂತೆ ತಡೆಯೋದೇ ದಾರಿ.

ಅಸಡ್ಡೆಯ ಬೆಲೆ

ಮರಳಿನ ಹಾಸು ಜೀವ ಉಳಿಸುತ್ತೆ ಅನ್ನೋದಕ್ಕೆ ಹಳೆಯ ಸಾಕ್ಷಿ ಜರ್ಮನಿಯದು. ಹೇಜನ್ ಮರಳು ಅಳೆಯುತ್ತಿದ್ದ ಅದೇ 1892ರಲ್ಲಿ ಹ್ಯಾಂಬರ್ಗ್‌ನಲ್ಲಿ ಕಾಲರಾ ಬಂತು. ನಗರ ಎಲ್ಬೆ ನದಿ ನೀರನ್ನು ಸೋಸದೆ ಕೊಡುತ್ತಿತ್ತು, ಸುಮಾರು 8,600 ಜನ ಸತ್ತರು. ಪಕ್ಕದ ಆಲ್ಟೋನಾ ಪಟ್ಟಣ ಅದೇ ನದಿಯ ಕೆಳಭಾಗದಿಂದ, ಹ್ಯಾಂಬರ್ಗ್‌ನ ಕೊಳಚೆ ಸೇರಿದ ಮೇಲಿನ ನೀರನ್ನು ಎತ್ತುತ್ತಿತ್ತು. ಆದರೆ ಮರಳಲ್ಲಿ ಸೋಸಿ ಕೊಡುತ್ತಿತ್ತು. ಅಲ್ಲಿ ಸಾವು ಬಹಳ ಕಡಿಮೆ. ಎರಡೂರಿನ ಗಡಿ ರಸ್ತೆಯ ಒಂದು ಬದಿಯಲ್ಲಿ ಕಾಲರಾ ಇತ್ತು, ಇನ್ನೊಂದು ಬದಿಯಲ್ಲಿ ಇರಲಿಲ್ಲ.

ನಮ್ಮ ರಾಜ್ಯದ ಉದಾಹರಣೆಗೆ ದೂರ ಹೋಗಬೇಕಿಲ್ಲ. 2022ರ ಮೇ, ಜೂನ್‌ನಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತಾಗ ರಾಂಪುರ ಶುದ್ಧೀಕರಣ ಘಟಕದ ನಿರ್ವಹಣೆ ಬಗ್ಗೆಯೇ ಪ್ರಶ್ನೆ ಎದ್ದಿತು. ಘಟಕ ಇತ್ತು. ಇರೋದು ಬೇರೆ, ಕೆಲಸ ಮಾಡೋದು ಬೇರೆ.

ಗ್ರಾಮಸಭೆಯಲ್ಲಿ ಕೇಳಬೇಕಾದ್ದು

ಜರಡಿ ಪರೀಕ್ಷೆ ದೊಡ್ಡ ವಿದ್ಯೆಯಲ್ಲ. ಒಣ ಮರಳು, ಒಂದು ಸೆಟ್ ಜರಡಿ, ಒಂದು ತಕ್ಕಡಿ ಇದ್ದರೆ ಸಾಕು. ಸಿವಿಲ್ ವಿಭಾಗ ಇರುವ ಯಾವುದೇ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬ್‌ನಲ್ಲಿ ಇದು ಪಾಠದ ಭಾಗ. ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜು 1960ರಿಂದಲೂ ಇದೆ. ಲೋಡ್ ಇಳಿಸುವ ಮೊದಲು ಒಂದು ಚೀಲ ಮಾದರಿ ಕಳಿಸಿ ವರದಿ ತರಿಸೋದು ಆಗದ ಕೆಲಸವೇನಲ್ಲ.

ಫಿಲ್ಟರ್ ಇರುವ ಊರಿನ ಜನ ಕೇಳಬಹುದಾದ ಪ್ರಶ್ನೆಗಳು ಇಷ್ಟು:

• ಫಿಲ್ಟರ್ ಮರಳನ್ನು ಕೊನೆಯ ಸಲ ಬದಲಿಸಿದ್ದು, ಮೇಲಕ್ಕೆ ತುಂಬಿದ್ದು ಯಾವಾಗ? ಈಗ ಆಳ ಎಷ್ಟಿದೆ?

• ಆಗ ತಂದ ಮರಳಿನ ಜರಡಿ ವರದಿ ಎಲ್ಲಿ? ಎಫೆಕ್ಟಿವ್ ಸೈಜ್ ಎಷ್ಟು, ಸಮತೆಯ ಅಂಕಿ ಎಷ್ಟು?

• ಎಷ್ಟು ಗಂಟೆಗೊಮ್ಮೆ ಬ್ಯಾಕ್‌ವಾಶ್ ಆಗುತ್ತಿದೆ? ದಿನಚರಿ ಪುಸ್ತಕ ಇದೆಯಾ?

• ಸೋಸುವ ಮೊದಲು, ಸೋಸಿದ ಮೇಲೆ ಬಗ್ಗಡ ಎಷ್ಟು ಎನ್‌ಟಿಯು? ಮಳೆಗಾಲದಲ್ಲಿ ದಿನಾ ನೋಡ್ತಾರಾ?

• ಬೈಪಾಸ್ ವಾಲ್ವ್ ತೆರೆದ ದಿನ ಜನರಿಗೆ 'ಕುದಿಸಿ ಕುಡಿಯಿರಿ' ಅಂತ ಹೇಳ್ತಾರಾ?

ಮೂರನೇ ಪ್ರಶ್ನೆಯ ಉತ್ತರ ಒಂದೇ ಬಹಳಷ್ಟು ಹೇಳುತ್ತೆ. ಕೈಪಿಡಿ ಪ್ರಕಾರ ಒಮ್ಮೆ ತೊಳೆದರೆ ಫಿಲ್ಟರ್ 24 ಗಂಟೆಯಾದರೂ ಓಡಬೇಕು. ಐದಾರು ಗಂಟೆಗೇ ಕಟ್ಟಿದರೆ ಮರಳು ಸಣ್ಣದಾಗಿರಬೇಕು, ಇಲ್ಲವೇ ತೊಟ್ಟಿಯಲ್ಲಿ ಕೆಸರು ಕೂರುತ್ತಿಲ್ಲ. ಮಳೆಗಾಲದಲ್ಲೂ ಮೂರ್ನಾಲ್ಕು ದಿನ ಕಟ್ಟದೇ ಓಡಿದರೆ ಖುಷಿಪಡುವ ಬದಲು ಅನುಮಾನಪಡಬೇಕು.

ನೀರು ಪರೀಕ್ಷೆಗೆ ಮಿಷನ್ ಅಡಿ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಕಿಟ್ ಬಳಸುವ ತರಬೇತಿ ಕೊಡುವ ವ್ಯವಸ್ಥೆ ಇದೆ. ಅವರ ಕೈಯ ಎಚ್‌2ಎಸ್ ಬಾಟಲಿಯ ನೀರು ಕಪ್ಪಾದರೆ ನೀರಲ್ಲಿ ರೋಗಾಣು ಇರುವ ಸೂಚನೆ. ಆ ಫಲಿತಾಂಶ ಪಂಚಾಯಿತಿ ಬೋರ್ಡ್ ಮೇಲೆ ಬರಬೇಕು. ಬಾಯಿಮಾತಿಗೆ ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಅರ್ಜಿಗೆ ಜರಡಿ ವರದಿಯ ಪ್ರತಿ ಕೇಳಬಹುದು. ವರದಿಯೇ ಇಲ್ಲ ಅನ್ನೋ ಉತ್ತರ ಬಂದರೂ ಅದು ಉತ್ತರವೇ.

ನೀರುಗಂಟಿಗೆ ಬೈದರೆ ಮರಳಿನ ಕಾಳು ಬದಲಾಗೋದಿಲ್ಲ. ಮುಂದಿನ ಸಲ ಮರಳಿನ ಲೋಡ್ ಬಂದಾಗ ಬಿಲ್ ಜೊತೆ ಜರಡಿ ವರದಿಯನ್ನೂ ಕೇಳಿದರೆ ಬದಲಾಗಬಹುದು. ಅಲ್ಲಿಯವರೆಗೆ ಮಳೆಗಾಲದಲ್ಲಿ ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ, ಚೆನ್ನಾಗಿ ಕುದಿಸಿ ಕುಡಿಯೋದೇ ಸರಿ.